ಇಂದಿನ ಧಮ್ಮ ಚಿಂತನೆ: ಸೋತ ಮರುದಿನ





ಕಳೆದ ರವಿವಾರ ರಾಯಚೂರಿನಲ್ಲಿ ಬುದ್ಧವಂದನೆ ಮುಗಿದ ಮೇಲೆ ದೇವದುರ್ಗ ಕಡೆಯ ತಮ್ಮನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಸರ್, ಚುನಾವಣೆಯಾಗ ನಮ್ಮವರ ಸಲುವಾಗಿ ಹಗಲು ರಾತ್ರಿ ಅಡ್ಡಾಡಿದೆ. ಕಡೀಕೆ ನಮ್ಮ ಓಣಿಯವರೇ ಓಟು ಹಾಕಲಿಲ್ಲ. ಇನ್ನ ಯಾರ ಸಲುವಾಗಿ ದುಡಿಯೋದು?"

ಅಲ್ಲೇ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ, ಇದಕ್ಕಿಂತ ಒರಟಾಗಿ ಆಡಿದ್ದೆ. ಇವತ್ತು ಅದನ್ನೇ ಹೇಳುತ್ತೇನೆ.

ಆಗ ಎಂ.ಎ. ಮುಗಿಸಿ ನೌಕರಿ ಇಲ್ಲದೆ ಊರಲ್ಲಿದ್ದೆ. ನಮ್ಮ ಸಮುದಾಯದ ಹಿರಿಯರೊಬ್ಬರು ಚುನಾವಣೆಗೆ ನಿಂತರು. ಅವರ ಹೆಸರು, ಪಕ್ಷ ಇಲ್ಲಿ ಬೇಡ. ಕರಪತ್ರ ಬರೆದವನು ನಾನೇ, ಗೋಡೆಗೆ ಅಂಟಿಸಿದವನೂ ನಾನೇ. ಗೆಳೆಯನ ಬೈಕಿನಲ್ಲಿ ಮಾನ್ವಿ ಕಡೆಯ ಭತ್ತದ ಊರುಗಳನ್ನು, ಅರ್ಧ ಜನ ಗುಳೆ ಹೋಗಿ ಮುದುಕರು ಮಕ್ಕಳಷ್ಟೇ ಉಳಿದಿದ್ದ ದೇವದುರ್ಗ ಕಡೆಯ ಊರುಗಳನ್ನು ಸುತ್ತಿದೆವು. ಗೆದ್ದೇ ಗೆಲ್ಲುತ್ತೇವೆ ಎಂದು ನಂಬಿದ್ದೆ. ಎಣಿಕೆಯ ದಿನ ಒಂದೊಂದು ಸುತ್ತು ಮುಗಿದಂತೆ ಹಿಂದೆ ಬಿದ್ದೆವು. ನಮ್ಮ ಓಣಿಯ ಬೂತಿನಲ್ಲೇ ನಮಗೆ ಎರಡನೇ ಸ್ಥಾನ.

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದೆ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮಲಗಿದಲ್ಲೇ ಮನಸ್ಸಿನಲ್ಲಿ ಒಂದು ಪಟ್ಟಿ ಮಾಡಿದೆ: ಯಾವ ಮನೆಯವರು ಮಾರಿಕೊಂಡರು, ಯಾರ ಜೊತೆ ಇನ್ನು ಮಾತು ಬಿಡಬೇಕು. ಮೂರನೇ ದಿನ ಎದ್ದು ಆ ಪಟ್ಟಿಯ ಮೊದಲ ಮನೆಗೇ ಹೋದೆ. ಅದು ನಮ್ಮ ದೊಡ್ಡವ್ವನ ಮನೆ. ಎದುರಿನ ಪಕ್ಷದವರು ಕೊಟ್ಟ ಸೀರೆಯನ್ನೇ ಉಟ್ಟುಕೊಂಡು ಜೋಳ ಹಸನು ಮಾಡುತ್ತ ಕೂತಿದ್ದಳು. "ಒಂದು ಸೀರಿಗೆ ಬಾಬಾಸಾಹೇಬರ ಓಟು ಮಾರಿಬಿಟ್ಟೆಲ್ಲ ದೊಡ್ಡವ್ವ" ಅಂದೆ.

ಆಕೆ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅವ್ರು ನನಗ ಸೀರಿ ಕೊಟ್ರು, ಖರೆ. ನಿಮ್ಮವ್ರು ನನ್ನ ಮಗನಿಗೆ ಸಾರಾಯಿ ಪಾಕೀಟು ಕೊಟ್ರು. ನೀ ಅಲ್ಲೇ ನಿಂತಿದ್ದಿ. ಮಾರಿದವ್ರು ಯಾರು, ಕೊಂಡವ್ರು ಯಾರು, ನೀನೇ ಹೇಳು ತಮ್ಮಾ. ನಾಳಿ ಹತ್ತಿ ಬಿಡಿಸಾಕ ಅವ್ರ ಹೊಲಕ್ಕೇ ಹೋಗಬೇಕು ನಾನು. ನೀ ಹದಿನೈದು ದಿನ ಬಂದಿ, ಹೋದಿ. ಅದಕ್ಕ ಮೊದಲ ಯಾವತ್ತು ಬಂದಿದ್ದಿ?"

ಆ ರಾತ್ರಿ ನಾನು ಅಲ್ಲಿ ನಿಂತಿದ್ದು ನಿಜ. ಬೇಡ ಅನ್ನಬೇಕಿತ್ತು. ಗೆಲ್ಲಬೇಕಲ್ಲ ಎಂದು ಸುಮ್ಮನಿದ್ದೆ. ಐದನೇ ಶೀಲವನ್ನು ಪ್ರತಿ ವಂದನೆಯಲ್ಲಿ ಹೇಳುವ ಬಾಯಿ ಅಂದು ಮುಚ್ಚಿಕೊಂಡಿತ್ತು. ಓಟಿನಲ್ಲಿ ಸೋತದ್ದು ಎಣಿಕೆಯ ದಿನ. ನಾನು ಸೋತದ್ದು ಆ ರಾತ್ರಿಯೇ.

ಧಮ್ಮಬಂಧುಗಳೇ, ಧಮ್ಮಪದದ ಸುಖವಗ್ಗದಲ್ಲಿ ಗೆಲುವು ಸೋಲಿನ ಬಗ್ಗೆ ಒಂದು ಗಾಥೆಯಿದೆ, 201ನೆಯದು. ಅದರ ಹಿನ್ನೆಲೆಯನ್ನು ಅಟ್ಠಕಥೆ ಹೇಳುತ್ತದೆ. ಕೋಸಲದ ರಾಜ ಪಸೇನದಿ ತನ್ನ ಅಳಿಯನಾಗಬೇಕಾದ ಅಜಾತಸತ್ತುವಿನ ಎದುರು ಮತ್ತೆ ಮತ್ತೆ ಸೋತು, ಊಟ ಬಿಟ್ಟು ಹಾಸಿಗೆ ಹಿಡಿದನಂತೆ. ಅದನ್ನು ಕೇಳಿ ಭಗವಾನ್ ಬುದ್ಧರು ಹೇಳಿದ್ದರ ಸಾರ ಇಷ್ಟು: ಗೆದ್ದವನಿಗೆ ಹಗೆಯ ಕಾಟ, ಸೋತವನಿಗೆ ಸಂಕಟದ ಕಾಟ, ಎರಡನ್ನೂ ತಲೆಯಿಂದ ಇಳಿಸಿದವನಿಗೆ ನೆಮ್ಮದಿ. ಮೊದಲ ಸಲ ಓದಿದಾಗ ಆ ರಾಜನ ಹಾಸಿಗೆಯಲ್ಲಿ ನಾನೇ ಮಲಗಿದ್ದಂತೆ ಅನ್ನಿಸಿತು.

ಹಾಗಾದರೆ ಚುನಾವಣೆಯ ಗೊಡವೆಯೇ ಬೇಡವೇ? ಹಾಗಲ್ಲ. ಇಳಿಸಬೇಕಾದದ್ದು ಸಿಟ್ಟನ್ನು, ಕೆಲಸವನ್ನಲ್ಲ. ಈ ವ್ಯತ್ಯಾಸ ತಿಳಿಯಲು ಬಾಬಾಸಾಹೇಬರ ಕೊನೆಯ ಐದು ವರ್ಷಗಳನ್ನು ನೋಡಿದರೆ ಸಾಕು.

ಹಿಂದೂ ಕೋಡ್ ಬಿಲ್ ಮುಂದೆ ಸಾಗದಿದ್ದಾಗ 1951ರಲ್ಲಿ ಅವರು ಮಂತ್ರಿ ಪದವಿ ಬಿಟ್ಟರು. ಮೊದಲ ಲೋಕಸಭಾ ಚುನಾವಣೆಯಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದಿಂದ ಉತ್ತರ ಮುಂಬಯಿಯಲ್ಲಿ ನಿಂತು ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು ಸುಮಾರು 14 ಸಾವಿರ ಮತಗಳಿಂದ ಸೋತರು. ನಮ್ಮ ಜನರಿಗೂ ಓಟಿನ ಹಕ್ಕು ಬೇಕೆಂದು 1919ರಲ್ಲೇ ಸೌತ್‌ಬರೋ ಸಮಿತಿಯ ಮುಂದೆ ವಾದಿಸಿದವರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು, ಆ ಸಂವಿಧಾನದ ಮೊದಲ ಚುನಾವಣೆಯಲ್ಲೇ ಸೋತರು. ಅವರಿಗೆ ನೋವಾಗಲಿಲ್ಲ ಎಂದು ನಾನು ಹೇಳಲಾರೆ. ಅಶೋಕ ಮೆಹ್ತಾ ಜೊತೆ ಸೇರಿ ಆ ಚುನಾವಣೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಅದೂ ವಜಾ ಆಯಿತು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ನಿಂತರು, ಮತ್ತೆ ಸೋತರು.

ಅದರ ಮುಂದೆ ಏನಾಯಿತು? ಅದೇ ವರ್ಷದ ಡಿಸೆಂಬರಿನಲ್ಲಿ ರಂಗೂನಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋದರು. 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಸ್ಥಾಪಿಸಿದರು. ಮೈಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು 'ಬುದ್ಧ ಮತ್ತು ಆತನ ಧಮ್ಮ' ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮ ದೀಕ್ಷೆ. ಭಂಡಾರಾದ ಸೋಲಿನಿಂದ ದೀಕ್ಷಾಭೂಮಿಗೆ ಎರಡೂವರೆ ವರ್ಷದ ದಾರಿ. ಮತಪೆಟ್ಟಿಗೆ ಎರಡು ಸಲ ಕೈಬಿಟ್ಟರೂ ಅವರು ಜನರ ಕೈಬಿಡಲಿಲ್ಲ. ಓಟು ಕೇಳಲು ಹೋದ ಜನರ ಬಳಿಗೇ ಓಟು ಕೇಳದೆ ಮತ್ತೆ ಹೋದರು. ಇವತ್ತು ನಾವು "ಬುದ್ಧಂ ಸರಣಂ" ಅನ್ನುವುದು ಆ ಸೋಲಿನ ಆಚೆಯ ಕೆಲಸದಿಂದ.

ನನ್ನ ಕಥೆಗೆ ಅಂಥ ದೊಡ್ಡ ಕೊನೆಯಿಲ್ಲ. ದೊಡ್ಡವ್ವನ ಮಾತು ಚುಚ್ಚಿ, ಅವಳ ಮನೆಯ ಕಟ್ಟೆಯ ಮೇಲೆಯೇ ಸಂಜೆ ಮಕ್ಕಳಿಗೆ ಓದಿಸಲು ಕೂತೆ. ಎರಡು ವರ್ಷ ನಡೆಯಿತು. ನನಗೆ ನೌಕರಿ ಸಿಕ್ಕಿತು, ಊರು ಬಿಟ್ಟೆ, ಅದು ನಿಂತಿತು. ದೊಡ್ಡವ್ವ ಈಗಿಲ್ಲ. ಅವಳ ಪ್ರಶ್ನೆ ಇನ್ನೂ ನನ್ನ ಲೆಕ್ಕದಲ್ಲಿ ಬಾಕಿ ಇದೆ.

ದೇವದುರ್ಗದ ತಮ್ಮಾ, ಯಾರ ಸಲುವಾಗಿ ದುಡಿಯೋದು ಅಂದೆಯಲ್ಲ? ನಿನಗೆ ಓಟು ಹಾಕದ ಮನೆಯಿಂದಲೇ ಶುರು ಮಾಡು. ಈ ಸಲ ಕರಪತ್ರ ಒಯ್ಯಬೇಡ. ಅವರಿಗೆ ಕೂಲಿ ಯಾರು ಕೊಡುತ್ತಾರೆ, ಸಾಲ ಯಾರಲ್ಲಿದೆ, ಮಗು ಶಾಲೆ ಯಾಕೆ ಬಿಟ್ಟಿತು, ಅಷ್ಟು ಕೇಳಿಕೊಂಡು ಬಾ. ಮುಂದಿನ ರವಿವಾರ ನಿನ್ನ ಓಣಿಗೆ ನಾನೂ ಬರುತ್ತೇನೆ. ಕಟ್ಟೆಯೊಂದು ಸಿಕ್ಕರೆ ಸಾಕು.

ಇಂದಿನ ಅಭ್ಯಾಸ: ನಮ್ಮ ಮನಸ್ಸಿನ ಪಟ್ಟಿಯಲ್ಲಿ ಮಾತು ಬಿಟ್ಟವರ ಹೆಸರು ಯಾವುದಿದೆ? ಅದರಲ್ಲಿ ಒಂದು ಮನೆಗೆ ಇವತ್ತು ಹೋಗಿ, ಏನನ್ನೂ ಕೇಳದೆ ಒಂದು ಲೋಟ ಚಹಾ ಕುಡಿದು ಬರೋಣ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.