ಅಮ್ಮ ನೋಡಿದ್ದನ್ನು ನಾನು ನೋಡಬಹುದೇ?

ಮಾಲೇಕಲ್ಲಿನ ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಹಾಕಿ, ಅಮ್ಮನ ಟೀವಿಗೆ ಸಿಗೋ ಹಾಗೆ ಮಾಡಿ ಬಂದೆ. 2018ರಲ್ಲಿ ಶುರುವಾದ ಉಚಿತ, ಮುಕ್ತ ತಂತ್ರಾಂಶ ಅದು. ಚಂದಾ ಇಲ್ಲ, ಜಾಹೀರಾತಿಲ್ಲ. ನಾವು ಏನು ನೋಡ್ತೀವಿ ಅನ್ನೋ ಲೆಕ್ಕ ಯಾವ ಕಂಪನಿಗೂ ಹೋಗಲ್ಲ. ಅಪ್ಪ ಇದ್ದಾಗ ತೆಗೆದಿದ್ದ ವೆಂಕಟರಮಣಸ್ವಾಮಿ ತೇರಿನ ವಿಡಿಯೊಗಳನ್ನೂ ತುಂಬಿಸಿದ್ದೆ.

ಕಂಪನಿಗೆ ಹೋಗದ ಲೆಕ್ಕ ನನಗೆ ಬರುತ್ತೆ ಅನ್ನೋದು ಆಮೇಲೆ ಹೊಳೀತು. ಸರ್ವರ್ ಸರಿಯಾಗಿದೆಯಾ ಅಂತ ಬೆಂಗಳೂರಿಂದ ಡ್ಯಾಶ್‌ಬೋರ್ಡ್ ತೆರೆದರೆ, ರಾತ್ರಿ ಎರಡು ಗಂಟೆಗೆ ಅಮ್ಮ ಆ ತೇರು ನೋಡ್ತಿದ್ದಾಳೆ. ಮರುದಿನವೂ ಅದೇ. ಫೋನಲ್ಲಿ ಕೇಳಿದರೆ, ‘ಚೆನ್ನಾಗಿ ನಿದ್ದೆ ಬಂತು ಕಣಪ್ಪ’ ಅಂತಾಳೆ.

ಇದು ಕಾಳಜಿಯೋ, ಕದ್ದು ನೋಡೋದೋ? ಕಂಪನಿಗೆ ಅಮ್ಮ ಬರೀ ಒಂದು ಖಾತೆ. ನನಗೆ ಆ ಎರಡು ಗಂಟೆಯ ಅರ್ಥವೂ ಗೊತ್ತು. ಹಾಗಾಗಿ ನಾನು ಇಣುಕೋದೇ ಹೆಚ್ಚು ಆಳಕ್ಕೆ ಹೋಗುತ್ತೆ. ಉದ್ದೇಶ ಒಳ್ಳೇದು ಅಂದಮಾತ್ರಕ್ಕೆ ಅವಳ ಒಪ್ಪಿಗೆ ಸಿಕ್ಕಂತಲ್ಲ.

ಹೋದ ವಾರ ಊರಿಗೆ ಹೋಗಿ ಎಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡೋದಾದ್ರೆ ಪಕ್ಕದಲ್ಲಿ ಕೂತು ನೋಡು’ ಅಂದಳು. ಅವತ್ತು ರಾತ್ರಿ ಇಬ್ಬರೂ ನೋಡಿದೆವು. ಡ್ಯಾಶ್‌ಬೋರ್ಡನ್ನು ಈಗ ಸರ್ವರ್ ಕೆಟ್ಟಾಗ ಮಾತ್ರ ತೆರೀತೀನಿ, ಅವಳಿಗೆ ಹೇಳಿ.