ಸಂಭಾವನೆ ಇಲ್ಲವೆಂಬ ಪತ್ರ

ಹೋದ ವರ್ಷ ಜುಲೈ ಮೊದಲ ವಾರ. ಫೋರ್ಟಿನ ನನ್ನ ಪುಟ್ಟ ಆಫೀಸಿಗೆ ಇಂಟರ್ನ್‌ಶಿಪ್ಪಿಗೆಂದು ಬಂದಿದ್ದ ಗದಗ ಕಡೆಯ ಹುಡುಗಿಯೊಬ್ಬಳು ಸಂಜೆ ಹೊರಡುವ ಮುನ್ನ ನನ್ನ ಮೇಜಿನ ಮುಂದೆ ಬಂದು ನಿಂತಳು. ಕಾನೂನು ಪದವಿಯ ನಾಲ್ಕನೆಯ ವರ್ಷ. ಕೈಯಲ್ಲೊಂದು ಹಾಳೆ. "ಸರ್, ಇದನ್ನ ನಿಮ್ಮ ಲೆಟರ್‌ಹೆಡ್ ಮ್ಯಾಲೆ ಬರದು ಸಹಿ ಮಾಡಿ ಕೊಡಬೇಕ್ರಿ. ಕಾಲೇಜಿಗೆ ಕಳಸಬೇಕು" ಅಂದಳು. ಎರಡೇ ಸಾಲಿನ ನಮೂನೆ. ಈ ವಿದ್ಯಾರ್ಥಿನಿ ನಾಲ್ಕು ವಾರ ನಮ್ಮಲ್ಲಿ ಕೆಲಸ ಮಾಡಿದ್ದಾಳೆ. ಅದಕ್ಕಾಗಿ ನಾವು ಯಾವುದೇ ಸಂಭಾವನೆ ಕೊಟ್ಟಿಲ್ಲ, ಕೊಡುವುದೂ ಇಲ್ಲ ಎಂದು ದೃಢೀಕರಿಸುತ್ತೇವೆ.

ಮೂವತ್ತು ವರ್ಷಗಳಲ್ಲಿ ಎಷ್ಟೋ ಅಫಿಡವಿಟ್ಟುಗಳನ್ನು ಬರೆದುಕೊಟ್ಟಿದ್ದೇನೆ. ಅಷ್ಟು ನಿಜವಾದ ವಾಕ್ಯಕ್ಕೆ ಸಹಿ ಹಾಕಲು ಅಷ್ಟು ಹಿಂಜರಿದದ್ದು ನೆನಪಿಲ್ಲ.

ಕೇಳಿದಾಗ ವಿಷಯ ತಿಳಿಯಿತು. ಅವರ ಕಾಲೇಜು ಈಚೆಗೆ ಒಂದು ಸಣ್ಣ ನಿಧಿ ಮಾಡಿದೆಯಂತೆ. ಹಳೆಯ ವಿದ್ಯಾರ್ಥಿಗಳೂ ಕೆಲವು ಮೇಷ್ಟ್ರುಗಳೂ ಹಾಕಿದ ದುಡ್ಡು. ಬೇರೆ ಊರಿಗೆ ಹೋಗಿ ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವವರಿಗೆ 8,000 ರೂಪಾಯಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬಾಡಿಗೆಯ ರಸೀದಿ, ರೈಲಿನ ಟಿಕೆಟ್ಟು, ಜೊತೆಗೆ ನಾನು ಕೊಡಬೇಕಾದ ಈ ಪತ್ರ, ಎಲ್ಲ ಸೇರಿಸಿ ಕಳಿಸಿದ ಮೇಲೆ ಹಣ ಬರುತ್ತದೆ. ಮೇಲೆ, ಮೊದಲಲ್ಲ. ಡೊಂಬಿವಲಿಯಲ್ಲಿ ಮೂವರು ಹುಡುಗಿಯರ ಜೊತೆ ಹಂಚಿಕೊಂಡ ಕೋಣೆಗೆ ಬಾಡಿಗೆಯೂ ಡಿಪಾಜಿಟ್ಟೂ ಮೊದಲೇ ಕೊಡಬೇಕಲ್ಲ, ಅದನ್ನು ದೊಡ್ಡಪ್ಪನ ಹತ್ತಿರ ಸಾಲ ತಂದಿದ್ದಳು. ಬಡವರಿಗೆಂದೇ ಮಾಡಿದ ನಿಧಿ ಕೂಡ ಮೊದಲು ನೀನು ಖರ್ಚು ಮಾಡಿ ತೋರಿಸು ಅನ್ನುತ್ತದೆ. ಇದನ್ನು ಮಾಡಿದವರು ಒಳ್ಳೆಯವರೇ ಇರಬೇಕು. ಸಾಲ ಕೇಳಲು ದೊಡ್ಡಪ್ಪನ ಮನೆಯ ಮೆಟ್ಟಿಲು ಹತ್ತಿದವರಲ್ಲ ಅಷ್ಟೆ.

ಇಂಟರ್ನ್‌ಶಿಪ್ ನಮ್ಮ ವೃತ್ತಿಯಲ್ಲಿ ಶೋಕಿಯ ವಿಷಯವಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಮಾಡಲೇಬೇಕು. ವಾರಗಳ ಲೆಕ್ಕ ಹಾಕಿದವರು ಊಟದ ಲೆಕ್ಕ ಹಾಕಲಿಲ್ಲ. 2024ರ ಅಕ್ಟೋಬರಿನಲ್ಲಿ ಅದೇ ಕೌನ್ಸಿಲ್ ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಸಲಹೆ ಮಾಡಿತು. ಸಲಹೆ ಮಾತ್ರ, ಅದೂ ಸನ್ನದು ಪಡೆದವರಿಗೆ. ಅದೇ ವರ್ಷ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾದಾಗ ತಿಂಗಳಿಗೆ 5,000 ಎಂದಿತ್ತು, ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಓದುವ ಮಕ್ಕಳಿಗೆ ಉಳಿಯುವುದು ಅಪ್ಪ, ಇಲ್ಲವೆ ಕಾಲೇಜು.

ನನಗೆ ಉಳಿದಿದ್ದದ್ದು ಸೋದರಮಾವ. ನಾನು ಈ ಊರಿಗೆ ಬಂದಾಗ ನನ್ನ ಹಿರಿಯ ವಕೀಲರು ಒಂದು ಪೈಸೆ ಕೊಡಲಿಲ್ಲ. ಕೊಡಬೇಕೆಂದು ನನಗೂ ಅನ್ನಿಸಿರಲಿಲ್ಲ. ಮಾಟುಂಗದಲ್ಲಿ ಮಾವನ ಹೋಟೆಲು. ರಾತ್ರಿ ಎರಡು ತಾಸು ಗಲ್ಲಾದಲ್ಲಿ ಕೂತರೆ ಎರಡು ಹೊತ್ತಿನ ಊಟ, ಮಲಗಲು ಅಟ್ಟ. ಇದನ್ನು ನಾನು ವರ್ಷಗಟ್ಟಲೆ ನನ್ನ ಕಷ್ಟದ ಕತೆಯಾಗಿ ಹೇಳಿಕೊಂಡು ಬಂದಿದ್ದೇನೆ. ಜೂನಿಯರುಗಳಿಗಂತೂ ಬಾಯಿಪಾಠವಾಗಿರಬೇಕು. ಆದರೆ ಆ ಸಂಜೆ ಅದೇ ಕತೆ ಬೇರೆ ರೀತಿ ಕಂಡಿತು. ನನ್ನ ಸೀನಿಯರ್ ಕೊಡದ ಸಂಬಳವನ್ನು ಇಡ್ಲಿ ಸಾಂಬಾರಿನ ರೂಪದಲ್ಲಿ ಕೊಟ್ಟವನು ಮಾವ. ಕೋರ್ಟಿನ ಮುಖವನ್ನೇ ನೋಡದ ಮನುಷ್ಯ ಒಂದು ವಕೀಲರ ಆಫೀಸಿನ ಖರ್ಚು ನಡೆಸುತ್ತಿದ್ದ, ಅದು ಅವನಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಹಿಂದೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಉಂಡು ಓದಿದವರು ಎಷ್ಟೋ ಜನ. ಯಾರ ಮನೆಯಲ್ಲಿ ಯಾರಿಗೆ ಎಲೆ ಹಾಕುತ್ತಿದ್ದರು ಎಂಬ ಜಾತಿಯ ಪ್ರಶ್ನೆ ಅದರೊಳಗೇ ಇತ್ತು, ಅದನ್ನು ಮರೆತು ಹೊಗಳಲಾರೆ. ಆದರೂ ಒಂದು ವ್ಯತ್ಯಾಸ ಹೇಳಬೇಕು. ವಾರಾನ್ನದ ಹುಡುಗ ಓದುತ್ತಿದ್ದ; ಅವನ ಓದಿನಿಂದ ಮೂರನೆಯವನೊಬ್ಬನಿಗೆ ಆ ತಿಂಗಳೇ ಲಾಭವಾಗುತ್ತಿರಲಿಲ್ಲ. ಇಲ್ಲಿ ಕಾಲೇಜು ಅನ್ನ ಹಾಕುತ್ತದೆ, ಕೆಲಸ ನನ್ನದು ಆಗುತ್ತದೆ.

ಕಲಿಯಲು ಬಂದವರಲ್ಲವೆ, ಕಲಿಸುವ ನಮ್ಮ ಸಮಯಕ್ಕೆ ಬೆಲೆಯಿಲ್ಲವೆ ಎಂದು ಪಕ್ಕದ ಚೇಂಬರಿನ ಗೆಳೆಯರು ಕೇಳುತ್ತಾರೆ. ಸುಳ್ಳಲ್ಲ. ಮೊದಲ ವಾರ ಅವಳಿಗೆ ನಾನು ಕಲಿಸಿದ್ದೇ ಹೆಚ್ಚು. ಆದರೆ ಎರಡನೆಯ ವಾರದಲ್ಲಿ ಒಂದು ದಿನ ಭಾರೀ ಮಳೆಗೆ ಕುರ್ಲಾ, ಸಯನ್ ನಡುವೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದಾಯಿತು. ಅವಳು ಬರಲಿಲ್ಲ. ಮಧ್ಯಾಹ್ನದೊಳಗೆ ನಾನು ಮೂರು ಸಲ ಫೋನು ಮಾಡಿದೆ. ಯಾಕೆಂದರೆ ಹೋಟೆಲೊಂದರ ಪಾಲುದಾರಿಕೆಯ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರು ಬರೆದುಕೊಂಡಿದ್ದ ಹಳೆಯ ಕನ್ನಡ ಪತ್ರಗಳನ್ನು ಅವಳೇ ಇಂಗ್ಲಿಷಿಗೆ ಮಾಡುತ್ತಿದ್ದಳು, ನಲವತ್ತು ಪುಟ, ಮೋಡಿಯಂಥ ಕೈಬರಹ. ಅವಳಿಲ್ಲದೆ ನನ್ನ ಕೆಲಸ ನಿಂತಿತ್ತು. ಕಲಿಕೆಯೋ ದುಡಿಮೆಯೋ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಆ ಮೂರು ಫೋನು ಕರೆಗಳು. ಇನ್ನೊಂದನ್ನೂ ಹೇಳಿಬಿಡಬೇಕು: ಅನುವಾದದ ಖರ್ಚೆಂದು ಪುಟಕ್ಕಿಷ್ಟು ಲೆಕ್ಕ ಹಾಕಿ ಕಕ್ಷಿದಾರರ ಬಿಲ್ಲಿಗೆ ನಾನು ಸೇರಿಸಿಯಾಗಿತ್ತು.

ಅದನ್ನು ಇಟ್ಟುಕೊಂಡು ಆ ಪತ್ರಕ್ಕೆ ಸಹಿ ಹಾಕಬೇಕಿತ್ತು.

ಹಾಗಾದರೆ ಕಾಲೇಜು ಇಂಥ ನಿಧಿ ಇಡುವುದೇ ತಪ್ಪೆ? ನನ್ನಂಥವರ ಜಿಪುಣತನಕ್ಕೆ ಬಡ ಮೇಷ್ಟ್ರುಗಳ ದುಡ್ಡಿನಿಂದ ಸಬ್ಸಿಡಿ ಕೊಟ್ಟಂತಾಗುವುದಿಲ್ಲವೆ? ಆಗುತ್ತದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂಥ ಬೇಸಿಗೆ ನಿಧಿಗಳಿವೆ. ಅಲ್ಲಿ ಶ್ವೇತಭವನವೇ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡತೊಡಗಿದ್ದು 2022ರಲ್ಲಿ. ಅಷ್ಟು ದೊಡ್ಡ ಮನೆಗೂ ಬಿಟ್ಟಿ ದುಡಿಮೆ ರೂಢಿಯಾಗಿತ್ತು.

ಸಂಬಳ ಕೊಡಲು ಶಕ್ತಿಯಿರುವ ಕಡೆ ಹೋಗುವವರಿಗೆ ನಿಧಿ ಬೇಡ, ಕಾನೂನು ನೆರವಿನ ಸಂಸ್ಥೆಗಳಿಗೆ, ತಾಲೂಕು ಕೋರ್ಟಿನ ಬಡ ವಕೀಲರ ಹತ್ತಿರ ಹೋಗುವವರಿಗೆ ಮಾತ್ರ ಕೊಡಿ ಅನ್ನಬಹುದು. ಕೇಳಲು ನ್ಯಾಯವಾಗಿದೆ. ಸ್ವಲ್ಪ ಮುಂದೆ ಹೋಗಿ ನೋಡಿದರೆ ಅದರ ಅರ್ಥ, ಉಳ್ಳವರ ಮಕ್ಕಳು ಹೈಕೋರ್ಟಿನ ದೊಡ್ಡ ಚೇಂಬರುಗಳಿಗೆ, ಇಲ್ಲದವರ ಮಕ್ಕಳು ಸೇವೆಗೆ. ನನ್ನ ಆಫೀಸಿನ ರಿಜಿಸ್ಟರನ್ನೇ ತೆಗೆದು ನೋಡಿದೆ. ಈ ಹುಡುಗಿಗೆ ಮೊದಲು ಬಂದ ಇಂಟರ್ನ್‌ಗಳೆಲ್ಲ ಮುಂಬಯಿಯಲ್ಲೇ ಮನೆ ಇದ್ದವರು, ಅರ್ಧಕ್ಕರ್ಧ ವಕೀಲರ ಮಕ್ಕಳು. ನಾನು ಯಾರನ್ನೂ ಬೇಡವೆಂದಿರಲಿಲ್ಲ. ಬಾಗಿಲು ತೆರೆದೇ ಇತ್ತು. ಡೊಂಬಿವಲಿಯ ಬಾಡಿಗೆ ಹೊಂದಿಸಲಾಗದವರು ಬಾಗಿಲವರೆಗೆ ಬಂದೇ ಇರಲಿಲ್ಲ. ಅವಳನ್ನು ತಂದು ನಿಲ್ಲಿಸಿದ್ದು ಆ ಎಂಟು ಸಾವಿರದ ಭರವಸೆ. ಹಾಗಾಗಿ ನನ್ನ ಮಟ್ಟಿಗೆ, ಕಾಲೇಜು ವಿದ್ಯಾರ್ಥಿಗೆ ಹಣ ಕೊಡಬೇಕು, ಮೊದಲೇ ಕೊಡಬೇಕು, ಎಲ್ಲಿ ಹೋದರೂ ಕೊಡಬೇಕು. ಆಮೇಲೆ ನನ್ನಂಥವನಿಗೆ ಬಿಲ್ಲು ಕಳಿಸಬೇಕು. ಕೆಲವರು ಕೊಡಲಿಕ್ಕಿಲ್ಲ. ಆದರೆ ಸಂಭಾವನೆ ಕೊಟ್ಟಿಲ್ಲ ಎಂಬ ಪತ್ರವನ್ನು ಆ ಹುಡುಗಿಯ ಕೈಯಲ್ಲಿ ತರಿಸುವುದಕ್ಕಿಂತ ನೇರವಾಗಿ ನಮ್ಮನ್ನೇ ಕೇಳಿದರೆ, ಎಷ್ಟೋ ಜನ ಸಹಿ ಹಾಕುವ ಬದಲು ಚೆಕ್ಕು ಬರೆದಾರು.

ಅವತ್ತು ನಾನೂ ಚೆಕ್‌ಬುಕ್ ತೆಗೆದೆ. "ಪತ್ರ ಬೇಡ, ನಾನೇ ಕೊಡ್ತೇನೆ" ಅಂದೆ. ಅವಳು ತಲೆಯಲ್ಲಾಡಿಸಿದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಈ ಸಲ ಹಿಂದೆಗೆದುಕೊಂಡರೆ ಮುಂದೆ ಕೊಡುತ್ತಾರೋ ಇಲ್ಲವೋ ಎಂಬ ಭಯ ಅವಳಿಗೆ. "ಹಾಗಾದರೆ ಪತ್ರವನ್ನೂ ಕೊಡ್ತೇನೆ, ಇದನ್ನೂ ಇಟ್ಟುಕೋ. ಸಂಭಾವನೆ ಅಂತ ಅಲ್ಲ, ಖುಷಿಗೆ ಅಂದುಕೋ" ಅಂದೆ. ವಕೀಲನ ಬುದ್ಧಿ.

"ಸುಳ್ಳಾಗ್ತೈತಲ್ರಿ ಸರ್" ಅಂದಳು. ನಗುತ್ತಲೇ ಅಂದಳು. ನಾನು ಪತ್ರಕ್ಕೆ ಸಹಿ ಹಾಕಿ ಕೊಟ್ಟೆ.

ಈ ವರ್ಷದಿಂದ ನಮ್ಮ ಆಫೀಸಿನಲ್ಲಿ ಇಂಟರ್ನ್‌ಗಳಿಗೆ ನಾಲ್ಕು ವಾರಕ್ಕೆ 6,000 ಎಂದು ನಿಗದಿ ಮಾಡಿದೆ. ರೇಟು ಕೆಡಿಸುತ್ತೀರಿ ಎಂದು ಪಕ್ಕದ ಚೇಂಬರಿನವರು ಬೈದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮೊನ್ನೆ ರಾಯಚೂರಿನ ಹುಡುಗನೊಬ್ಬ ಇಮೇಲ್ ಮಾಡಿದ್ದ, ಅದೇ ಕಾಲೇಜಿನವನು. ಬಾ, ಇಷ್ಟು ಕೊಡುತ್ತೇವೆ ಎಂದು ಬರೆದೆ. ಮರುದಿನವೇ ಉತ್ತರ ಬಂತು. ಧನ್ಯವಾದ ಸರ್, ಆದರೆ ನೀವು ಕೊಡುವುದಾದರೆ ಕಾಲೇಜಿನ 8,000 ಸಿಗುವುದಿಲ್ಲ, ಏನೂ ಕೊಡದೆ ಇರಲು ಸಾಧ್ಯವೆ ಎಂದು ಕೇಳಿದ್ದ.

ಆರನ್ನು ಹದಿನೈದು ಮಾಡಿ, ಅರ್ಧ ಬರುವ ಮೊದಲೇ ಕಳಿಸುತ್ತೇವೆ ಎಂದು ಮತ್ತೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.