ಹೇಗಿತ್ತು ಪುಸ್ತಕ?

ಸಾರ್ವಜನಿಕ ಗ್ರಂಥಾಲಯಕ್ಕೆ ಬಂದವರಿಗೆ ಏನು ಬೇಕೆಂಬುದು ಹೆಚ್ಚಾಗಿ ನೋಡಿದ ಕೂಡಲೇ ತಿಳಿಯುತ್ತದೆ. ಪತ್ರಿಕೆ ಹಿಡಿದು ಕೂತವರು ಸುದ್ದಿಗಾಗಿ ಬಂದವರು. ಕೆಪಿಎಸ್‌ಸಿ ಗೈಡು, ನೋಟ್‌ಪುಸ್ತಕ ಹರಡಿಕೊಂಡವರು ನೌಕರಿಗಾಗಿ ಓದುವವರು. ಇವರ ನಡುವೆ, ಬೀರುಗಳ ಮುಂದೆ ಅಡ್ಡಾಡುವ ಒಬ್ಬರಿರುತ್ತಾರೆ. ಏನು ಬೇಕಿತ್ತು ಎಂದು ಕೇಳಿದರೆ, ‘ಏನಿಲ್ಲ, ಸುಮ್ನೆ ನೋಡ್ತಿದ್ದೆ’ ಎನ್ನುತ್ತಾರೆ. ಖುಷಿಗಾಗಿ ಓದುವವರ ಪಾಡೇ ಇದು. ಏನೋ ಬೇಕು, ಯಾವುದು ಬೇಕು ಎಂದು ಹೇಳಲಾಗದು. ಸಿಲೆಬಸ್ ಇರುವವರಿಗೆ ಕ್ಯಾಟಲಾಗ್ ಸಾಕಾದೀತು. ಇವರಿಗೆ ಮಾತಾಡಿಸುವವರು ಬೇಕು.

ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕೆಂಬುದು ಎರಡನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕೆಂಬುದು ಮೂರನೆಯದು. ಒಂದೇ ಮಾತನ್ನು ತಿರುಗಿಸಿ ಹೇಳಿದಂತೆ ಕಂಡರೂ ಎರಡರ ಹೊಣೆ ಬೇರೆ. ಎರಡನೆಯದರಲ್ಲಿ ಓದುಗರೇ ಹುಡುಕಿಕೊಂಡು ಬಂದಿರುತ್ತಾರೆ. ಮೂರನೆಯದರಲ್ಲಿ ಪುಸ್ತಕದ ಪರವಾಗಿ ಯಾರಾದರೂ ಬಾಯಿ ಬಿಡಬೇಕು. ಪುಸ್ತಕವನ್ನೂ ಎದುರಿಗಿರುವ ಮನುಷ್ಯರನ್ನೂ ಬಲ್ಲವರು ಮಾತ್ರ ಈ ಕೆಲಸ ಮಾಡಬಲ್ಲರು.

‘ಟೈಂಪಾಸ್’ ಓದಿಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ಪತ್ತೇದಾರಿ ಕಾದಂಬರಿ ಕೇಳುವವರೂ ಆ ಕರ ಕಟ್ಟಿದವರೇ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನೋ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನೋ ಊಟ ಮರೆತು ಓದಿದ ತಲೆಮಾರುಗಳು ನಮ್ಮಲ್ಲಿವೆ. ಅಂಥ ಓದನ್ನು ಸಮರ್ಥಿಸುವವರೂ ‘ಮುಂದೆ ಗಂಭೀರ ಸಾಹಿತ್ಯಕ್ಕೆ ಬರುತ್ತಾರೆ ಬಿಡಿ’ ಎನ್ನುವುದುಂಟು. ಆ ಸಮರ್ಥನೆಯೊಳಗೂ ತಾತ್ಸಾರ ಅಡಗಿದೆ. ಎರಡು ತಾಸು ತಮ್ಮನ್ನು ಮರೆತು ಇನ್ನೊಬ್ಬರ ಬದುಕಿನಲ್ಲಿ ಇದ್ದುಬಂದವರಿಗೆ ಓದು ಕೊಡಬೇಕಾದದ್ದನ್ನು ಆಗಲೇ ಕೊಟ್ಟಿದೆ. ಅವರು ಮುಂದೆ ಎಲ್ಲಿಗೂ ‘ಬರ’ಬೇಕಾಗಿಲ್ಲ. ಓದಿನ ಸುಖವನ್ನೇ ಕಾಣದವರು ಮಾತ್ರ ಪರೀಕ್ಷೆ ಮುಗಿದ ಮರುದಿನ ಪುಸ್ತಕ ಬಿಡುತ್ತಾರೆ.

ಹಾಗಾದರೆ ಮಾತು ಶುರುವಾಗುವುದು ಎಲ್ಲಿಂದ? ‘ಯಾವ ಲೇಖಕರು ಬೇಕು?’ ಎಂದರೆ ಹೊಸಬರಿಗೆ ಪರೀಕ್ಷೆಯಲ್ಲಿ ಕೂತಂತಾಗುತ್ತದೆ. ‘ಹಿಂದೆ ಓದಿದ್ದರಲ್ಲಿ ಯಾವುದು ಹಿಡಿಸಿತ್ತು?’ ಎಂದರೆ ಮುಖ ಅರಳುತ್ತದೆ. ಪುಸ್ತಕ ಹಿಂದಿರುಗಿಸುವ ಹೊತ್ತಂತೂ ಇನ್ನೂ ಮುಖ್ಯ. ತಾರೀಕು ನೋಡಿ, ಹಾಳೆ ಹರಿದಿದೆಯೇ ಎಂದು ತಿರುವಿ, ಸಹಿ ಹಾಕಿ ಒಳಗಿಡುವಲ್ಲಿಗೆ ಸಾಮಾನ್ಯವಾಗಿ ಎಲ್ಲ ಮುಗಿಯುತ್ತದೆ. ‘ಹೇಗಿತ್ತು?’ ಎಂದು ಕೇಳಿದರೆ ‘ಬೋರಾಯ್ತು’ ಎಂಬ ಉತ್ತರ ಬಂದರೂ ಲಾಭವೇ. ಮುಂದಿನ ಪುಸ್ತಕ ಯಾವುದಾಗಬಾರದು ಎಂದಾದರೂ ತಿಳಿಯಿತು. ಸರ್ಕಾರದ ಸಗಟು ಖರೀದಿಯಲ್ಲಿ ಪುಸ್ತಕ ಆರಿಸುವುದು ಸಮಿತಿ. ಓದುವವರ ಇಷ್ಟಾನಿಷ್ಟ ಮೇಲಕ್ಕೆ ಮುಟ್ಟಬೇಕಾದರೆ ಕೆಳಗೆ ಯಾರೋ ಅದನ್ನು ಕೇಳಿಸಿಕೊಂಡಿರಬೇಕು.

ನಮ್ಮ ಹಳ್ಳಿಗಳಿಗೆ ಇಲ್ಲೊಂದು ಅನುಕೂಲವಿದೆ. 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಬಂದ ಹುಡುಗಿ ಯಾರ ಮನೆಯವಳು, ಅವಳಿಗೆ ದೆವ್ವದ ಕಥೆ ಇಷ್ಟವೋ ಹಕ್ಕಿಗಳ ಪುಸ್ತಕವೋ ಎಂದು ಅಲ್ಲಿನ ಮೇಲ್ವಿಚಾರಕರು ಬಲ್ಲರು, ಬಲ್ಲವರಾಗಬಹುದು. ಸದಸ್ಯರ ಸಂಖ್ಯೆ ಅಭಿಯಾನದಿಂದ ಏರುತ್ತದೆ. ಆ ಹುಡುಗಿ ಎರಡನೆಯ ಪುಸ್ತಕಕ್ಕೆ ಮತ್ತೆ ಬರುವುದು ಇಂಥ ಪರಿಚಯದಿಂದ.

ಈ ಮಾತುಕತೆಗೆ ಆದೇಶ ಬೇಡ, ಅನುದಾನವೂ ಬೇಡ. ಗ್ರಂಥಾಲಯದವರೇ ಕೇಳಲಿ ಎಂದು ಕಾಯಬೇಕಾಗಿಯೂ ಇಲ್ಲ. ಮುಂದಿನ ಸಲ ಲೈಬ್ರರಿಗೆ ಪುಸ್ತಕ ಮರಳಿಸುವಾಗ, ಅದು ನಿಮಗೆ ಯಾಕೆ ಹಿಡಿಸಿತು ಅಥವಾ ಯಾಕೆ ಹಿಡಿಸಲಿಲ್ಲ ಎಂದು ಮೇಜಿನ ಆಚೆ ಕೂತವರಿಗೆ ನೀವೇ ಮೊದಲು ಹೇಳಿ.